ಬೀಳದ ಗೇರು

"ಗೇರ್ ಬೀಳ್ತಿಲ್ಲ" ಎಂದು ಯಾರಾದರೂ ಗಾಡಿ ತಳ್ಳಿಕೊಂಡು ಬಂದರೆ ಕಿವಿ ಮೇಸ್ತ್ರಿ ಮೊದಲು ಅವರ ಕಾಲು ನೋಡುತ್ತಿದ್ದ. ಸವೆದ ಚಪ್ಪಲಿಯೋ, ದಪ್ಪ ಬೂಟೋ, ಗೇರು ತುಳಿಯುವ ಕಾಲೋ, ಬರೀ ಸವರುವ ಕಾಲೋ ಎಂದು ಅಂದಾಜು ಹಾಕುತ್ತಿದ್ದ. ಆಮೇಲೆ ಗಾಡಿಯನ್ನು ತಾನೇ ಒಂದು ಸುತ್ತು ಓಡಿಸಿಕೊಂಡು ಬಂದು, ಸ್ಟ್ಯಾಂಡ್ ಹಾಕಿ, ಕೈ ಒರೆಸಿಕೊಳ್ಳುತ್ತ ಹೇಳುತ್ತಿದ್ದ: "ಗಾಡಿಗೇನೂ ಆಗಿಲ್ಲ ಸ್ವಾಮಿ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ." ಬಂದವರು ಪೆಚ್ಚುನಗೆ ನಕ್ಕು ಹೋಗುತ್ತಿದ್ದರು. ದಿನಕ್ಕೊಮ್ಮೆಯಾದರೂ ಆ ಗಾದೆ ಹೇಳದಿದ್ದರೆ ಅವನಿಗೆ ಉಂಡದ್ದು ಅರಗುತ್ತಿರಲಿಲ್ಲ.

ಕಿವಿ ಎಂಬ ಹೆಸರು ಬಂದದ್ದು ಅವನ ಕಿವಿಯ ದೆಸೆಯಿಂದಲೇ. ಗಾಡಿ ಇನ್ನೂ ಗೋಡೌನಿನ ಉದ್ದ ಗೋಡೆಯ ಆಚೆ ಇರುವಾಗಲೇ, ಮೂರನೇ ಗೇರಿನಲ್ಲಿದೆ, ಚೈನು ಸಡಿಲಾಗಿದೆ, ಓಡಿಸುವವನು ಅವಸರದಲ್ಲಿದ್ದಾನೆ ಎಂದು ಹೇಳಿಬಿಡುತ್ತಿದ್ದ. ಹೇಳಿದ್ದು ನಿಜವಾದರೆ ಎದೆಯುಬ್ಬಿಸಿ ಸುತ್ತ ನೋಡುತ್ತಿದ್ದ. ವಿನಯ ಅನ್ನುವುದು ಅವನ ಹತ್ತಿರ ಸುಳಿದದ್ದೇ ಇಲ್ಲ. ಗೋಡೌನಿನ ಎದುರಿಗೆ ತಗಡಿನ ಶೆಡ್ಡು, ಅದರಲ್ಲಿ ಅರ್ಧ ಅವನದು, ಇನ್ನರ್ಧ ಅವನ ಭಾವನದು. ಭಾವ ಅಂದರೆ ತೀರಿಹೋದ ಅಕ್ಕನ ಗಂಡ. ವೆಲ್ಡಿಂಗು, ಪೇಂಟಿಂಗು ಅವರ ಕೆಲಸ. ಎಂಜಿನ್ ಆಯಿಲಿಗೆ ಕೈ ಹಾಕುವುದೆಂದರೆ ಅವರಿಗೆ ಆಗದು.

ಭಾವನ ಬಾಯಿ ಮಾತ್ರ ವೆಲ್ಡಿಂಗ್ ಕಡ್ಡಿಗಿಂತ ಬಿಸಿ. ಇದ್ದದ್ದನ್ನು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದೆಯುತ್ತಾರೆ ಅನ್ನುವುದು ಅವರಿಗೆ ಗೊತ್ತಿಲ್ಲದ್ದೇನಲ್ಲ. ಆದರೂ ಹೇಳುತ್ತಿದ್ದರು. ಹೊಸ ಬಣ್ಣ ಹೊಡೆಸಲು ಬಂದವನಿಗೆ, "ಹೊಡೀತೀನಿ, ಆದ್ರೆ ಹೊಡೆದ ಮೇಲೂ ಇದು ಹಳೇ ಡಬ್ಬಾನೇ" ಎಂದು ಹೇಳಿ ಗಿರಾಕಿ ಕಳೆದುಕೊಂಡವರು. ಅವರು ಸುಳ್ಳು ಹೇಳಿದ್ದನ್ನು ಆ ಬೀದಿಯಲ್ಲಿ ಯಾರೂ ಕೇಳಿರಲಿಲ್ಲ.

ಶೆಡ್ಡಿಗೆ ಮೇಸ್ತ್ರಿ ಒಂದು ಕಟ್ಟಳೆ ಮಾಡಿಟ್ಟಿದ್ದ. ಬಿಚ್ಚಿದವನೇ ಕಟ್ಟಬೇಕು, ಕಟ್ಟಿದವನೇ ಓಡಿಸಿ ನೋಡಬೇಕು. ಇನ್ನೊಬ್ಬರು ಓಡಿಸಿ ಹೇಳಿದ ದೋಷ ಇನ್ನೊಬ್ಬರು ಉಂಡು ಹೇಳಿದ ರುಚಿಯ ಹಾಗೆ ಅನ್ನುತ್ತಿದ್ದ. ಗಿರಾಕಿಗಳ ಗಾಡಿಗೇ ಇಷ್ಟು ಬಿಗಿ ಅಂದ ಮೇಲೆ ಅವನ ಸ್ವಂತ ಗಾಡಿಯನ್ನು ಬೇರೆ ಯಾರಾದರೂ ಮುಟ್ಟುವುದುಂಟೇ?

ಆ ಗಾಡಿಯನ್ನು ಅವನು ಮೀಸೆ ಮೂಡುವ ವಯಸ್ಸಿನಲ್ಲಿ ಗುಜರಿಯಿಂದ ಎತ್ತಿ ತಂದು, ಒಂದೊಂದೇ ಭಾಗ ಕೂಡಿಸಿ ಜೀವ ಕೊಟ್ಟಿದ್ದ. ಹೆಂಡತಿ ಅದನ್ನು ಸವತಿ ಎಂದೇ ಕರೆಯುತ್ತಿದ್ದಳು. ಈಗಿನ ಗಾಡಿಗಳಲ್ಲಿ ಗೇರು ಎಡಗಾಲಿಗೆ, ಬ್ರೇಕು ಬಲಗಾಲಿಗೆ. ಈ ಮುದಿ ಗಾಡಿಯಲ್ಲಿ ಎಲ್ಲ ತಿರುವುಮುರುವು. ಗೇರು ಬಲಗಾಲಿಗೆ. ಲಿವರನ್ನು ತುಳಿದರೆ ಮೇಲಿನ ಗೇರು, ಪಾದದ ಮೇಲ್ಭಾಗದಿಂದ ಎತ್ತಿದರೆ ಕೆಳಗಿನ ಗೇರು. ಎತ್ತಿ ಎತ್ತಿ ಅವನ ಬಲ ಚಪ್ಪಲಿಯ ಪಟ್ಟಿಯ ಮೇಲೆ ಯಾವಾಗಲೂ ಒಂದು ಕಪ್ಪು ಗೆರೆ ಇರುತ್ತಿತ್ತು. ಎಷ್ಟು ಚಪ್ಪಲಿಗಳ ನಡುವೆ ಬಿಟ್ಟಿದ್ದರೂ ಹೆಂಡತಿ ಆ ಗೆರೆ ನೋಡಿ ಅವನದನ್ನು ಗುರುತು ಹಿಡಿಯುತ್ತಿದ್ದಳು.

ಮಾರ್ಕೆಟ್ಟಿನ ಹತ್ತಿರದ ಏರಿನಲ್ಲಿ ಅದು ಮೊದಲ ಸಲ ಕೈಕೊಟ್ಟಿತು. ಮೂರನೇ ಗೇರಿನಲ್ಲಿ ಬಂದವನು ಎಂದಿನಂತೆ ಕ್ಲಚ್ ಹಿಡಿದು ಲಿವರ್ ಎತ್ತಿದ. ಬೀಳಲಿಲ್ಲ. ಇನ್ನೊಮ್ಮೆ ಎತ್ತಿದ. ಎಂಜಿನ್ನು ಕೆಮ್ಮಿ ಕೆಮ್ಮಿ ನಡುರಸ್ತೆಯಲ್ಲೇ ಪ್ರಾಣ ಬಿಟ್ಟಿತು. ಹಿಂದಿನ ಲಾರಿಯವನು ಹಾರ್ನ್ ಬಾರಿಸಿ ತಲೆ ಹೊರಗೆ ಹಾಕಿ, "ಏನ್ ಮೇಸ್ತ್ರಿ, ಊರಿನ ಗಾಡಿ ಎಲ್ಲಾ ರಿಪೇರಿ ಮಾಡ್ತೀರಾ, ನಿಮ್ಮದನ್ನ ಯಾರಿಗೆ ಕೊಡ್ತೀರಾ?" ಅಂದ. ಮೇಸ್ತ್ರಿ ನಕ್ಕ. ಕ್ಲಚ್ ಕೇಬಲ್ ಎಳೆದುಕೊಂಡಿರಬೇಕು, ಅಷ್ಟೇ, ಅಂದುಕೊಂಡ.

ಕೇಬಲ್ ಬಿಗಿ ಮಾಡಿದ. ಎರಡು ದಿನ ಬಿಟ್ಟು ಮತ್ತೆ ಅದೇ ಕಥೆ. ಹೊಸ ಕೇಬಲ್ ಹಾಕಿದ. ಆಯಿಲ್ ಗಟ್ಟಿಯಾಗಿ ಕ್ಲಚ್ಚು ಪೂರ್ತಿ ಬಿಡುತ್ತಿಲ್ಲವೇನೋ ಎಂದು ಆಯಿಲ್ ಬದಲಿಸಿದ. ಕ್ಲಚ್ ಪ್ಲೇಟುಗಳನ್ನು ತೆಗೆದು ಕಿಟಕಿ ಗಾಜಿನ ತುಂಡಿನ ಮೇಲಿಟ್ಟು ಬಾಗಿವೆಯೇ ಎಂದು ನೋಡಿದ. ಗಾಜಿಗೆ ಅಂಟಿ ಕೂತವು, ಕೂದಲು ಹೋಗುವಷ್ಟೂ ಸಂದಿಲ್ಲ. ಚೆನ್ನಾಗಿವೆ ಎಂದು ಗೊತ್ತಾದದ್ದಕ್ಕೇ ಅವನಿಗೆ ಕಿರಿಕಿರಿಯಾಯಿತು.

ತಲೆ ಚಿಟ್ಟು ಹಿಡಿಸುವ ಸಂಗತಿ ಏನೆಂದರೆ, ಸ್ಟ್ಯಾಂಡ್ ಹಾಕಿ, ಪಕ್ಕದಲ್ಲಿ ಸ್ಟೂಲ್ ಇಟ್ಟುಕೊಂಡು ಕೂತು, ಹಿಂದಿನ ಚಕ್ರ ತಿರುಗಿಸುತ್ತ ಕೈಯಿಂದ ಲಿವರ್ ಎತ್ತಿದರೆ ಗೇರು ಟಕ್ ಟಕ್ ಎಂದು ಬೀಳುತ್ತಿತ್ತು. ನಾಲ್ಕರಿಂದ ಮೂರು, ಮೂರರಿಂದ ಎರಡು, ಬೆಣ್ಣೆಯಲ್ಲಿ ಚಾಕು ಇಳಿದ ಹಾಗೆ. ಎಂಜಿನ್ ಬಿಸಿಯಾದ ಮೇಲೆ ಹಿಡಿಯುತ್ತದೇನೋ ಎಂದು ಸ್ಟ್ಯಾಂಡಿನಲ್ಲೇ ಕಾಯಿಸಿ, ಕೈ ಸುಡುವ ಹೊತ್ತಿಗೆ ಎತ್ತಿ ನೋಡಿದ. ಆಗಲೂ ಬಿತ್ತು. ರಸ್ತೆಗಿಳಿದರೆ ಮಾತ್ರ ಮೊಂಡು. ಅದೂ ಏರುವ ಗೇರುಗಳು ತುಳಿದ ತಕ್ಷಣ ಬೀಳುತ್ತಿದ್ದವು, ಇಳಿಯುವ ಗೇರಿಗಷ್ಟೇ ರೋಗ.

"ಸ್ಟ್ಯಾಂಡಲ್ಲಿ ಸರಿ, ರೋಡಲ್ಲಿ ಇಲ್ಲ. ಇದೆಂಥಾ ಕಳ್ಳ ದೋಷ ಭಾವ?" ಎಂದು ಕೇಳಿದ.

ಭಾವ ವೆಲ್ಡಿಂಗ್ ಗಾಜು ಹಣೆಯ ಮೇಲಕ್ಕೆ ಏರಿಸಿ ಅವನನ್ನು ನೋಡಿದರು. ಗಾಡಿಯನ್ನು ನೋಡಲಿಲ್ಲ. "ಬೇರೆ ಗಾಡಿಗಳಲ್ಲಿ ಹಿಂಗಾಗುತ್ತಾ?"

"ಇಲ್ಲ. ಬೆಳಗಿಂದ ಸಂಜೆವರೆಗೂ ಓಡಿಸ್ತೀನಲ್ಲ, ಒಂದರಲ್ಲೂ ಇಲ್ಲ. ಅದಕ್ಕೇ ಹೇಳೋದು, ದೋಷ ಇದರಲ್ಲೇ."

ಬೇರೆ ಗಾಡಿಗಳಲ್ಲಿ ಗೇರು ಎಡಗಾಲಿಗೆ ತಾನೇ ಎಂದು ಭಾವ ಹೇಳಬಹುದಿತ್ತು. ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡು ಗಾಜು ಇಳಿಸಿಕೊಂಡರು. ಮೇಸ್ತ್ರಿಗೆ ಅದು ವಿಚಿತ್ರ ಅನಿಸಿತು. ಭಾವ ಮಾತು ನುಂಗುವ ಜಾತಿಯಲ್ಲ.

ನಡುವೆ ಒಂದು ವಾರ ಬದುಕು ಹಸನಾಯಿತು. ಲಿವರನ್ನು ಅದರ ಹಲ್ಲಿನಿಂದ ಕಳಚಿ, ತುಸು ಮೇಲಕ್ಕೆ ತಿರುಗಿಸಿ ಕೂರಿಸಿದ. ಆಗ ಪಾದ ಅದರ ಅಡಿ ಹೋಗುವುದು ಸುಲಭವಾಯಿತು, ಮೊಣಕಾಲು ಎತ್ತಿದರೂ ಲಿವರ್ ಮೇಲೆ ಬರುತ್ತಿತ್ತು. ಗೇರು ಬಿತ್ತು. ಮೇಸ್ತ್ರಿ ಬೀದಿಯವರಿಗೆಲ್ಲ ಟೀ ಹೇಳಿಸಿ, "ಇಷ್ಟೇ ನೋಡಿ, ಬೆಟ್ಟ ಅಗೆದು ಇಲಿ ಹಿಡಿದೆ" ಎಂದು ಹಲ್ಲು ಕಿರಿದ. ಮನೆಗೆ ಹೋಗಿ ಹೆಂಡತಿಗೆ ನಿನ್ನ ಸವತಿ ಸರಿಹೋದಳು ಅಂದ. ವಾರ ಕಳೆಯುವಷ್ಟರಲ್ಲಿ ಅದೇ ಏರಿನಲ್ಲಿ ಅದೇ ಜಾಗದಲ್ಲಿ ಸವತಿ ಮತ್ತೆ ನಿಂತಳು. ಲಾರಿಯವನಿರಲಿಲ್ಲ. ಅವನು ಒಬ್ಬನೇ ಗಾಡಿ ತಳ್ಳಿಕೊಂಡು ಬಂದ, ದಾರಿಯುದ್ದಕ್ಕೂ ಬಲಗಾಲಿನ ಚಪ್ಪಲಿ ಕಳಚಿ ಕಳಚಿ ಬೀಳುತ್ತಿತ್ತು.

ಮರುದಿನ ಬೆಳಿಗ್ಗೆ ಹೆಂಡತಿ ಬಾಗಿಲ ಬಳಿ ಆ ಚಪ್ಪಲಿಯನ್ನು ಕೈಯಲ್ಲಿ ಹಿಡಿದು ನಿಂತಿದ್ದಳು.

"ರೀ, ಇಲ್ಲಿ ನೋಡಿ. ಪಟ್ಟಿ ಮೇಲೆ ಗೆರೇನೇ ಇಲ್ಲ. ಮುಂದಿನ ತುದಿ ಮಾತ್ರ ನೆಲಕ್ಕೆ ತಿಕ್ಕಿದ ಹಾಗೆ ಸವೆದುಹೋಗಿದೆ. ಕಾಲು ಎಳೀತಾ ಇದ್ದೀರಾ?"

"ರಬ್ಬರ್ ಸರಿಯಿಲ್ಲ ಕಣೇ. ಈಗಿನ ಮಾಲೆಲ್ಲ ಹೀಗೇ."

"ಎರಡೂ ಒಂದೇ ರಬ್ಬರ್ ತಾನೇ? ಎಡಗಡೇದು ಹೊಸದರ ಹಾಗೇ ಇದೆ."

ಅವನು ಚಪ್ಪಲಿಯನ್ನು ಕಿತ್ತುಕೊಂಡು ಮೆಟ್ಟಿ ಹೊರಟ. "ಡಾಕ್ಟರ ಹತ್ರ ಒಂದ್ಸಲ ತೋರಿಸ್ಕೊಂಡು ಬರೋಣ, ನಿಮ್ಮ ದಮ್ಮಯ್ಯ" ಎಂದು ಅವಳು ಹಿಂದಿನಿಂದ ಅಂದದ್ದು ಕಿವಿ ಮೇಸ್ತ್ರಿಗೆ ಕೇಳಿಸಲಿಲ್ಲವಂತೆ.

ಅವಳು ಹೆದರಿದ್ದು ಯಾತಕ್ಕೆ, ಇವನು ಓಡಿದ್ದು ಯಾತಕ್ಕೆ ಎನ್ನುವುದಕ್ಕೆ ಅಕ್ಕನ ಸಂಗತಿ ಹೇಳಬೇಕು.

ಅಕ್ಕ ಮನೆಯಲ್ಲೇ ಹೊಲಿಗೆ ಹೊಲಿಯುತ್ತಿದ್ದಳು, ಕಾಲಿನಿಂದ ತುಳಿಯುವ ಮೆಷಿನ್ನು. ಬಟ್ಟೆಗಿಂತ ಹೆಚ್ಚು ಮಾತು ಹೊಲಿಯುತ್ತಾಳೆ ಎಂದು ಭಾವ ಕಾಡಿಸುತ್ತಿದ್ದರು. ಒಂದು ದಿನ ಅವಳು, "ತಮ್ಮಾ, ಪೆಡಲ್ ಯಾಕೋ ಬಿಗಿ ಬಂದಿದೆ ಕಣೋ, ಎಣ್ಣೆ ಗಿಣ್ಣೆ ಬಿಟ್ಟು ನೋಡು" ಎಂದು ಹೇಳಿ ಕಳಿಸಿದಳು. ಮೇಸ್ತ್ರಿ ಹೋಗಿ ಬೆಲ್ಟ್ ಬದಲಿಸಿದ, ಎಣ್ಣೆ ಬಿಟ್ಟ, ಪೆಡಲನ್ನು ಕೈಯಿಂದ ಒತ್ತಿ ನೋಡಿದ. ನೀರಿನ ಹಾಗೆ ಓಡಿತು. "ಮೆಷಿನ್ನಿಗೆ ಏನಾಗಿದೆ ಅಕ್ಕಾ? ಕುಣಿಯಲಾರದವಳು ನೆಲ ಡೊಂಕು ಅಂದಳಂತೆ" ಅಂದ. ಅವಳು ನಗುತ್ತ ದಾರದ ಉಂಡೆಯನ್ನು ಅವನ ತಲೆಗೆ ಎಸೆದಳು. ಅವಳು ಎಸೆದದ್ದು ಗುರಿ ತಪ್ಪಲಿಲ್ಲ. ಕೈ ಆಗ ಇನ್ನೂ ಗಟ್ಟಿಯಾಗಿತ್ತು.

ಆಮೇಲೆ ಬೀದಿಯಲ್ಲಿ ನಡೆಯುವಾಗ ಚಪ್ಪಲಿ ಹಿಂದೆ ಉಳಿಯತೊಡಗಿತು, ಅವಳು ಮುಂದೆ. ಭಾವ ಹಿಂದಿನಿಂದ ಬಂದು, ಬಗ್ಗಿ ಚಪ್ಪಲಿ ಎತ್ತಿ ಅವಳ ಕಾಲಿಗೆ ತೊಡಿಸುತ್ತಿದ್ದರು. ಮಹಾರಾಣಿಗೆ ಸೇವೆ ಮಾಡುವ ಹಾಗೆ ನಾಟಕವಾಡುತ್ತಿದ್ದರು. ನಾಟಕ ಹೆಚ್ಚು ದಿನ ನಡೆಯಲಿಲ್ಲ. ಒಂದು ಕಾಲು ಹೋಯಿತು, ಇನ್ನೊಂದು ಹೋಯಿತು, ಕತ್ತರಿ ಹಿಡಿಯುವ ಕೈ ಹೋಯಿತು. ಕೊನೆಗೆ ಮಾತು. ನರಗಳು ಒಂದೊಂದಾಗಿ ಸಾಯುತ್ತಿವೆ, ಇದಕ್ಕೆ ಮದ್ದಿಲ್ಲ, ಕೆಲವು ಮನೆತನಗಳಲ್ಲಿ ಒಡಹುಟ್ಟಿದವರಿಗೂ ಬರುವುದುಂಟು ಎಂದು ಡಾಕ್ಟರು ಹೇಳಿದಾಗ ಮೇಸ್ತ್ರಿ ಅಲ್ಲೇ ನಿಂತಿದ್ದ. ಆ ಕೊನೆಯ ಮಾತನ್ನು ಅವನು ಆಸ್ಪತ್ರೆಯ ಬಾಗಿಲಲ್ಲೇ ಬಿಟ್ಟು ಬಂದ. ಬಂದೆ ಅಂದುಕೊಂಡಿದ್ದ.

ತೊದಲು ಮಾತು ಇನ್ನೂ ಉಳಿದಿದ್ದ ಕಾಲದಲ್ಲಿ ಅಕ್ಕ ಒಮ್ಮೆ ಗಂಡನನ್ನು ಕೇಳಿದಳು: "ನಾನು ಮತ್ತೆ ನಡೀತೀನಾ?" ಸುಳ್ಳು ಬಾರದ ಭಾವ, "ಇಲ್ಲ ಕಣೇ" ಅಂದರು. ಅವಳು ಗೋಡೆಯ ಕಡೆ ಮುಖ ತಿರುಗಿಸಿದಳು. ಆಮೇಲೆ ಅನ್ನದ ತುತ್ತಿಗೂ ಬಾಯಿ ತೆರೆಸಲು ಭಾವ ಗೋಗರೆಯಬೇಕಾಯಿತು. ಎಲ್ಲ ಮುಗಿದು, ಮನೆಯಲ್ಲಿ ಹೊಲಿಗೆ ಮೆಷಿನ್ನು ಮುಚ್ಚಿಟ್ಟ ಮೇಲೆ, ಭಾವ ಮೇಸ್ತ್ರಿಯ ಹತ್ತಿರ ಒಂದೇ ಒಂದು ಸಲ ಆ ಮಾತೆತ್ತಿದ್ದರು. "ಜೀವಮಾನದಲ್ಲಿ ಒಂದೇ ಒಂದು ಕಡೆ ಸುಳ್ಳು ಹೇಳಬೇಕಿತ್ತು ಕಣೋ. ಅಲ್ಲೂ ನನ್ನ ಹಾಳು ನಾಲಿಗೆ ನಿಜ ಹೇಳಿಬಿಡ್ತು."

ಇದು ಅವರ ಮನೆಯ ಕಥೆ. ಹೀಗಿರುವಾಗ ಮೇಸ್ತ್ರಿಗೆ ಗಾಡಿಯಲ್ಲಿ ದೋಷ ಸಿಗಲೇಬೇಕಿತ್ತು. ಗೇರ್‌ಬಾಕ್ಸಿನಲ್ಲಿ ಏನಾದರೂ ಕೆಟ್ಟಿದ್ದರೆ ಅವನು ಬದುಕಿದ. ಏನೂ ಕೆಟ್ಟಿಲ್ಲವಾದರೆ ಕೆಟ್ಟಿರುವುದು ಅವನ ಕಾಲು. ಕಾಲಿನ ಹಿಂದೆ ಏನೇನು ಸಾಲುಗಟ್ಟಿ ಬರುತ್ತದೆಂದು ಅವನು ಕಣ್ಣಾರೆ ಕಂಡಿದ್ದ.

ಆವತ್ತು ಅವನು ಎಂಜಿನ್ನನ್ನೇ ಇಳಿಸಿದ. ಬಂದ ಗಿರಾಕಿಗಳನ್ನು ನಾಳೆ ಬನ್ನಿ ಎಂದು ಅಟ್ಟಿದ. ಗೇರ್‌ಬಾಕ್ಸ್ ಬಿಚ್ಚಿ, ಒಂದೊಂದು ಗೇರನ್ನೂ ಪೆಟ್ರೋಲಿನಲ್ಲಿ ತೊಳೆದು ಹಳೆಯ ಬಟ್ಟೆಯ ಮೇಲೆ ಹರಡಿದ. ಒಂದು ಹಲ್ಲಾದರೂ ಮುರಿದಿರಲಿ ದೇವರೇ, ಒಂದು ಫೋರ್ಕಾದರೂ ಬಾಗಿರಲಿ ಎಂದು ಬೇಡಿಕೊಂಡ. ಯಾವ ಮೆಕ್ಯಾನಿಕ್ಕೂ ಮಾಡದ ಪ್ರಾರ್ಥನೆ. ದೇವರು ಕೇಳಲಿಲ್ಲ. ಹಲ್ಲುಗಳು ಹರಿತವಾಗಿ ಹೊಳೆಯುತ್ತಿದ್ದವು. ಗೇರು ಸರಿಸುವ ಫೋರ್ಕುಗಳು ಗಾಜಿನ ಮೇಲೆ ಸಪಾಟಾಗಿ ಮಲಗಿದವು. ತಾನೇ ಕೂಡಿಸಿದ್ದು, ತಾನೇ ಸಾಕಿದ್ದು, ಇಷ್ಟು ವರ್ಷ ಓಡಿಯೂ ಹೀಗಿದೆ ಎಂದು ಬೇರೆ ದಿನವಾಗಿದ್ದರೆ ಬೀದಿಗೆಲ್ಲ ತೋರಿಸಿ ಬೀಗುತ್ತಿದ್ದ. ಈಗ ಅವುಗಳ ನಡುವೆ ಕೂತು ಒಂದೊಂದನ್ನೇ ಮತ್ತೆ ತಿರುಗಿಸಿ ನೋಡಿದ.

ಕೊನೆಗೆ ಲಿವರನ್ನು ವಾಪಸು ತರುವ ಸ್ಪ್ರಿಂಗು ಒಂಚೂರು ಸಡಿಲಾಗಿದೆ ಅನಿಸಿತು. ಅನಿಸಿತೋ ಅನಿಸಿಕೊಂಡನೋ. ಹೊಸ ಸ್ಪ್ರಿಂಗ್ ತರಿಸಿ, ಹೊಸ ಪ್ಯಾಕಿಂಗ್ ಹಾಕಿ, ಕಟ್ಟಿ, ಕಟ್ಟಳೆಯ ಪ್ರಕಾರ ತಾನೇ ಓಡಿಸಲು ಹೋದ. ಗೋಡೌನಿನ ಗೋಡೆ ದಾಟುವಷ್ಟರಲ್ಲಿ ನಾಲ್ಕನೇ ಗೇರಿಗೆ ಏರಿಸಿದ. ವಾಪಸು ಬರುವಾಗ ಇಳಿಸಬೇಕು. ಎತ್ತು ಎಂದು ಪಾದಕ್ಕೆ ಹೇಳಿದ. ಪಾದ ಲಿವರಿನ ಅಡಿಯಲ್ಲಿ ಮಲಗಿಯೇ ಇತ್ತು. ಹಲ್ಲು ಕಚ್ಚಿ ಇಡೀ ತೊಡೆಯನ್ನೇ ಎತ್ತಿದ, ಚಪ್ಪಲಿ ಜಾರಿ ರಸ್ತೆಗೆ ಬಿತ್ತು, ಗಾಡಿ ನಿಂತಿತು.

ತಳ್ಳಿಕೊಂಡು ಬಂದವನನ್ನು ನೋಡಿ ಭಾವ ಮೆಲ್ಲಗೆ, "ಒಂದ್ ಕೆಲಸ ಮಾಡ್ಲಾ? ಲಿವರಿಗೆ ಹಿಂದ್ಗಡೆ ಒಂದು ತುಂಡು ವೆಲ್ಡ್ ಮಾಡಿ ಕೊಡ್ತೀನಿ. ಹಿಮ್ಮಡೀಲಿ ತುಳಿದ್ರೆ ಗೇರ್ ಇಳಿಯುತ್ತೆ. ಎತ್ತೋ ಗೋಜೇ ಇಲ್ಲ" ಅಂದರು.

ಮೇಸ್ತ್ರಿಗೆ ಮೈ ಉರಿದುಹೋಯಿತು. "ಯಾಕೆ, ನನಗೇನು ಕಾಲಿಲ್ವಾ? ಕುಂಟನಿಗೆ ಮಾಡಿ ಕೊಡೋ ಹಾಗೆ ಮಾಡಿ ಕೊಡ್ತೀರಾ? ನಿಮ್ಮ ಕೆಲಸ ನೀವು ನೋಡ್ಕೊಳ್ಳಿ!" ಎಂದು ಕೈಯಲ್ಲಿದ್ದ ಸ್ಪ್ಯಾನರನ್ನು ತಗಡಿಗೆ ಬೀಸಿ ಹೊಡೆದ. ಇಷ್ಟು ವರ್ಷದಲ್ಲಿ ಭಾವನಿಗೆ ಅವನು ಎದುರಾಡಿದ್ದು ಅದೇ ಮೊದಲು. ಭಾವ ಸ್ಪ್ಯಾನರ್ ಎತ್ತಿ ಅದರ ಜಾಗದಲ್ಲಿಟ್ಟರು.

ಎರಡು ದಿನ ಇಬ್ಬರಿಗೂ ಮಾತಿಲ್ಲ. ಮೂರನೆಯ ದಿನ ಮಧ್ಯಾಹ್ನ, ಭಾವ ಊಟಕ್ಕೆ ಹೋಗಿದ್ದಾಗ, ಮೇಸ್ತ್ರಿ ಒಂದು ತಂತಿಯ ಚೂರು ಹುಡುಕುತ್ತ ಅವರ ಕಡೆಗೆ ಹೋದ. ಪೇಂಟ್ ಡಬ್ಬಗಳ ಹಿಂದೆ, ಬಟ್ಟೆಯ ಅಡಿಯಲ್ಲಿ ಏನೋ ಕೈಗೆ ಸಿಕ್ಕಿತು. ಕಬ್ಬಿಣದ ತುಂಡು. ಹಿಮ್ಮಡಿ ಕೂರುವ ಹಾಗೆ ಬಾಗಿಸಿ, ಅಂಚು ಚುಚ್ಚದ ಹಾಗೆ ಉಜ್ಜಿ, ಅವನ ಗಾಡಿಯ ಕಪ್ಪನ್ನೇ ಬಳಿದದ್ದು. ಹಿಡಿದು ನೋಡಿದರೆ ಅಳತೆ ಕೂದಲೆಳೆ ಆಚೀಚೆ ಇಲ್ಲ. ಮುಚ್ಚಿದ್ದ ಬಟ್ಟೆಯ ಮೇಲೆ ಧೂಳು ದಪ್ಪಗೆ ಕೂತಿತ್ತು. ಎರಡು ದಿನದ ಧೂಳಲ್ಲ. ಇವನು ಕೇಬಲ್ ಬದಲಿಸುತ್ತಿದ್ದ ದಿನಗಳಲ್ಲೇ, ಪ್ಲೇಟುಗಳನ್ನು ಗಾಜಿನ ಮೇಲಿಟ್ಟು ಕಣ್ಣು ಕಿರಿದು ಮಾಡುತ್ತಿದ್ದಾಗಲೇ, ಭಾವ ಇದನ್ನು ಮಾಡಿಟ್ಟಿದ್ದರು. ಎಂಜಿನ್ ಬಿಚ್ಚಲು ಬಾರದವರು ಅವನ ನಡಿಗೆ ನೋಡಿಯೇ ತಿಳಿದುಕೊಂಡಿದ್ದರು.

ಅವನು ತುಂಡನ್ನು ಇದ್ದಲ್ಲೇ ಇಟ್ಟು, ಬಟ್ಟೆ ಮುಚ್ಚಿ, ಸ್ಟೂಲಿನ ಮೇಲೆ ಬಂದು ಕೂತ. ಕೂತವನು ಬಲಗಾಲಿನ ಚಪ್ಪಲಿ ಬಿಟ್ಟು, ಎರಡೂ ಹಿಮ್ಮಡಿ ನೆಲಕ್ಕೂರಿ, ಬೆರಳುಗಳನ್ನು ಮೇಲೆತ್ತಲು ನೋಡಿದ. ಎಡಗಾಲಿನವು ಎದ್ದವು. ಬಲಗಾಲಿನ ಹೆಬ್ಬೆರಳು ಸ್ವಲ್ಪ ನಡುಗಿತು, ಅಷ್ಟೇ. ಇಲ್ಲ, ಕೂತು ಕೂತು ಜೋಮು ಹಿಡಿದಿದೆ ಎಂದು ತನಗೇ ಹೇಳಿಕೊಂಡ.

ಭಾವ ಬರುತ್ತಲೇ ಎದ್ದು ನಿಂತ.

"ಭಾವ, ಗಾಡಿ ನೀವು ಓಡಿಸಿ ನೋಡಿ."

"ನಾನಾ? ಕಟ್ಟಿದವನೇ ಓಡಿಸಬೇಕು ಅಂತ ನಿನ್ನ ಕಾನೂನಲ್ವೇನೋ?"

"ಕಾನೂನು ಒಲೆಗೆ ಹಾಕಿ. ಗೋಡೆ ತುದಿವರೆಗೆ ಹೋಗಿ ನಾಲ್ಕರಲ್ಲಿ ಬನ್ನಿ, ಬರ್ತಾ ಒಂದೊಂದಾಗಿ ಇಳಿಸಿ. ಅದರ ಗೇರೋ ನನ್ನ ಕಾಲೋ, ಇವತ್ತು ಇತ್ಯರ್ಥ ಆಗ್ಲಿ."

ಭಾವ "ಬೇಡ ಕಣೋ" ಅಂದರು. ಅವನು ಬೀಗದ ಕೈಯನ್ನು ಅವರ ಅಂಗೈಯಲ್ಲಿಟ್ಟು ಬೆರಳು ಮಡಚಿದ. "ನಿಮ್ಮ ಬಾಯಲ್ಲಿ ಸುಳ್ಳು ಬರಲ್ಲ. ಅದಕ್ಕೇ ನಿಮಗೆ ಹೇಳ್ತಿರೋದು."

ಗಾಡಿ ಶೆಡ್ಡು ಬಿಟ್ಟು ಹೋಯಿತು. ಮೇಸ್ತ್ರಿ ಅವಸರದಲ್ಲಿ ಬಾಗಿಲವರೆಗೆ ನಡೆದ, ಚಪ್ಪಲಿ ಒಳಗೇ ಎಲ್ಲೋ ಉಳಿಯಿತು. ಬಿಸಿಲಿಗೆ ಕಾದ ನೆಲದ ಮೇಲೆ ಒಂದು ಬರಿಗಾಲಿನಲ್ಲಿ ನಿಂತು ಕಿವಿಗೊಟ್ಟ. ಗೋಡೆ ಅಡ್ಡವಿದ್ದದ್ದರಿಂದ ಗಾಡಿ ಕಾಣುತ್ತಿರಲಿಲ್ಲ, ಸದ್ದು ಮಾತ್ರ. ಎರಡು, ಮೂರು, ನಾಲ್ಕು. ದೂರ ಹೋಗಿ ತಿರುಗಿತು. ನಾಲ್ಕರಲ್ಲೇ ಬರುತ್ತಿದೆ. ಬೀಳಬೇಡ, ಬೀಳಬೇಡ ಎಂದು ಅವನು ತನ್ನ ಗಾಡಿಯನ್ನು ಬೇಡಿಕೊಂಡ. ಈಗ ಕೆಮ್ಮು, ಈಗ ನಿಲ್ಲು, ನಿನ್ನ ಕಾಲಿಗೆ ಬೀಳುತ್ತೇನೆ.

ಎಂಜಿನ್ನಿನ ಸ್ವರ ಒಂದು ಮೆಟ್ಟಿಲು ಮೇಲೇರಿತು. ಮೂರು. ಸ್ವಲ್ಪ ಹೊತ್ತಿಗೆ ಇನ್ನೊಂದು ಮೆಟ್ಟಿಲು. ಎರಡು. ಎಲ್ಲೂ ಕಿರುಗುಟ್ಟಲಿಲ್ಲ, ತಡವರಿಸಲಿಲ್ಲ. ಗೋಡೆಯ ಕೊನೆಗೆ ಬರುವ ಹೊತ್ತಿಗೆ ಒಂದನೇ ಗೇರೂ ಬಿತ್ತು. ಇಷ್ಟು ವರ್ಷ ಬೀಗಿಕೊಂಡು ಬಂದ ಕಿವಿ ಅವನ ಹತ್ತಿರ ಒಂದನ್ನೂ ಮುಚ್ಚಿಡಲಿಲ್ಲ.

ಭಾವ ಗಾಡಿ ನಿಲ್ಲಿಸಿ ಸ್ಟ್ಯಾಂಡ್ ಹಾಕಿದರು. ಅವನ ಕಡೆ ನೋಡಲಿಲ್ಲ. ಒಳಗೆ ಹೋಗಿ ಅವನ ಚಪ್ಪಲಿ ಹುಡುಕಿ ತಂದರು. ಬಗ್ಗಿ, ಅವನ ಬಲಪಾದವನ್ನು ಕೈಯಲ್ಲಿ ಹಿಡಿದು, ಹೆಬ್ಬೆರಳನ್ನು ಪಟ್ಟಿಯೊಳಗೆ ತೂರಿಸಿ ಕೂರಿಸಿದರು. ಕೈಗೆ ಅಭ್ಯಾಸವಾಗಿದ್ದ ಕೆಲಸ.

"ಬೀಳ್ತಿಲ್ಲ ಕಣೋ" ಅಂದರು, ಬಗ್ಗಿದಲ್ಲಿಂದಲೇ, ಚಪ್ಪಲಿಯನ್ನು ನೋಡುತ್ತ. "ನೀನು ಹೇಳಿದ್ದೇ ಸರಿ. ಒಂದು ಗೇರೂ ಬೀಳ್ಲಿಲ್ಲ. ದೋಷ ಬಾಕ್ಸಲ್ಲೇ ಇದೆ."

ಮೇಸ್ತ್ರಿ ಅವರ ನೆತ್ತಿಯನ್ನು ನೋಡಿದ. ಕೂದಲಿಗೆ ಅಲ್ಲಲ್ಲಿ ಕಪ್ಪು ಪೇಂಟು ಅಂಟಿತ್ತು. ಗಂಟಲಿಗೆ ಬಂದದ್ದನ್ನು ಇವನೂ ನುಂಗಿಕೊಂಡ.

"ಹೌದಾ ಭಾವ? ನಾನು ಹೇಳಿರಲಿಲ್ವಾ" ಅಂದ.

ಅವನು ಎಂಜಿನ್ನಿನ ಪಕ್ಕ ನೆಲಕ್ಕೆ ಕೂತು, ತಟ್ಟೆ ಅಡಿಗಿಟ್ಟು ಆಯಿಲ್ ಇಳಿಸಿದ. ಹೊಸ ಆಯಿಲು, ಇನ್ನೂ ಬಿಸಿಯಾಗಿ ಜೇನಿನ ಬಣ್ಣದಲ್ಲಿ ಸುರಿಯಿತು. ಎಂದೂ ಆಯಿಲಿಗೆ ಕೈ ಹಾಕದ ಭಾವ ಅಂಗಿಯ ತೋಳು ಮಡಚಿ ಎದುರಿಗೆ ಬಂದು ಕೂತರು. ಮೇಸ್ತ್ರಿ ಅವರ ಕೈಗೊಂದು ಸ್ಪ್ಯಾನರ್ ಕೊಟ್ಟ. ಏನೂ ಕೆಡದ ಆ ಗೇರ್‌ಬಾಕ್ಸನ್ನು ಇಬ್ಬರೂ ಸೇರಿ ಮತ್ತೆ ಬಿಚ್ಚತೊಡಗಿದರು.